ಜ್ವರ ಬಿಟ್ಟ ಮೇಲೂ ಹತ್ತು ದಿನ ಮಾತ್ರೆ ಯಾಕೆ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ, ತೂಕ 22 ಕೆ.ಜಿ. ಈ ವರ್ಷ ಇದು ಮೂರನೇ ಸಲ ಗಂಟಲು ನೋವು. ಮೊದಲ ಸಲ ನೆಗಡಿ, ಕೆಮ್ಮಿನ ಜೊತೆ ಬಂತು. ಮೆಡಿಕಲ್ ಶಾಪ್‌ನವರು ಅಜಿಥ್ರೋಮೈಸಿನ್ 3 ದಿನ ಕೊಡಿ ಅಂದರು. ಕೊಟ್ಟೆವು, ವಾಸಿಯಾಯಿತು. ಎರಡೂವರೆ ತಿಂಗಳ ಹಿಂದೆ ಮತ್ತೆ ಬಂದಾಗ ಡಾಕ್ಟರು ಅಮಾಕ್ಸಿಸಿಲಿನ್ ಬರೆದರು. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಿತು, ಆದರೆ ಭೇದಿ ಶುರುವಾಯಿತು. 'ಔಷಧಿ ಉಷ್ಣ ಆಗಿದೆ, ಸಾಕು ನಿಲ್ಲಿಸು' ಅಂದರು ನಮ್ಮ ಅತ್ತೆ. ನಿಲ್ಲಿಸಿದೆ. ಉಳಿದ ಸಿರಪ್ ಫ್ರಿಜ್‌ನಲ್ಲೇ ಇದೆ. ಆಮೇಲೆ ಹುಡುಗ ಚೆನ್ನಾಗೇ ಇದ್ದ, ಕ್ರಿಕೆಟ್ ಆಡಿಕೊಂಡಿದ್ದ. ಮೊನ್ನೆ ರಾತ್ರಿ ಇದ್ದಕ್ಕಿದ್ದಂತೆ 102 ಡಿಗ್ರಿ ಜ್ವರ, ತಲೆನೋವು, ಒಂದು ಸಲ ವಾಂತಿ. ಎಂಜಲು ನುಂಗುವುದಕ್ಕೂ ಅಳುತ್ತಾನೆ. ಬೇರೆ ಡಾಕ್ಟರು ಗಂಟಲಿಗೆ ಹತ್ತಿ ಕಡ್ಡಿ ಹಾಕಿ ಟೆಸ್ಟ್ ಮಾಡಿ, 'ಸ್ಟ್ರೆಪ್' ಎಂದು ಹೇಳಿ 10 ದಿನ ಅಮಾಕ್ಸಿಸಿಲಿನ್ ಬರೆದಿದ್ದಾರೆ. ಲಂಡನ್‌ನಲ್ಲಿರುವ ನಾದಿನಿ 'ಇಲ್ಲಿ 5 ದಿನ ಸಾಕು ಅಂತಾರೆ' ಅನ್ನುತ್ತಾಳೆ. ಪಕ್ಕದ ಮನೆಯವರ ಮಾತು ಕೇಳಿ ಎಎಸ್‌ಒ ರಕ್ತದ ಟೆಸ್ಟ್ ಮಾಡಿಸಿದೆವು, 400 ಬಂದಿದೆ. ಅವರ ಮಗಳಿಗೆ ಹೃದಯದ ತೊಂದರೆ, 21 ದಿನಕ್ಕೊಂದು ಇಂಜೆಕ್ಷನ್ ನಡೀತಿದೆ. ನಮ್ಮವನಿಗೂ ಬೇಕಾ? ಅವತ್ತು ಔಷಧಿ ನಿಲ್ಲಿಸಿದ್ದರಿಂದ ಹೀಗಾಯಿತಾ? ಟಾನ್ಸಿಲ್ ತೆಗೆಸಿಬಿಡೋಣವಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಎಲ್ಲದರ ಬುಡದಲ್ಲಿರುವ ಭಯ ಮಾತ್ರ ಒಂದೇ. ಅವತ್ತು ಅರ್ಧಕ್ಕೆ ನಿಲ್ಲಿಸಿ ಮಗುವಿನ ಹೃದಯಕ್ಕೆ ಏನಾದರೂ ಮಾಡಿಬಿಟ್ಟೆನಾ ಅಂತ. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ. ಗಂಟಲಿನ ಸೋಂಕಿನಿಂದ ಹೃದಯಕ್ಕೆ ತೊಂದರೆ ಆಗುವುದಾದರೆ ಸಾಮಾನ್ಯವಾಗಿ 2ರಿಂದ 4 ವಾರದೊಳಗೆ ಜ್ವರ, ಕೀಲುನೋವು, ಏದುಸಿರು ಅಂತ ಏನಾದರೂ ಸುಳಿವು ಸಿಗುತ್ತದೆ. ನಿಮ್ಮ ಹುಡುಗ ಎರಡೂವರೆ ತಿಂಗಳು ಕ್ರಿಕೆಟ್ ಆಡಿಕೊಂಡಿದ್ದಾನೆ. ಆದರೂ ಮುಂದಿನ ಸಲ ಹೋದಾಗ ಆ ಸಂಗತಿ ಡಾಕ್ಟರಿಗೆ ಹೇಳಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಒಂದು ಸಲ ಸರಿಯಾಗಿ ಕೇಳಿ ನೋಡಿ ಅನ್ನಿ. ಸದ್ದಿನಲ್ಲಿ ಏನಾದರೂ ವ್ಯತ್ಯಾಸ ಇದ್ದರೆ ಅವರೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಹೇಳುತ್ತಾರೆ.

ಈಗ ಮೂರು ಗಂಟಲು ನೋವನ್ನೂ ಬೇರೆ ಬೇರೆ ಮಾಡಿ ನೋಡೋಣ. ಹೆಸರು ಒಂದೇ ಆದರೂ ಮೂರೂ ಒಂದೇ ಕಾಯಿಲೆ ಆಗಿರಬೇಕಾಗಿಲ್ಲ.

ಮಕ್ಕಳ ಗಂಟಲು ನೋವಿನಲ್ಲಿ ನೂರಕ್ಕೆ 20ರಿಂದ 30 ಮಾತ್ರ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ದೊಡ್ಡವರಲ್ಲಿ ಇನ್ನೂ ಕಡಿಮೆ. ಉಳಿದದ್ದು ಹೆಚ್ಚೂಕಮ್ಮಿ ಎಲ್ಲಾ ವೈರಸ್. ವೈರಸ್ ಗಂಟಲು ನೋವು ಒಂಟಿಯಾಗಿ ಬರುವುದು ಕಡಿಮೆ. ಮೂಗು ಸೋರುತ್ತದೆ, ಕೆಮ್ಮು ಇರುತ್ತದೆ, ದನಿ ಕಟ್ಟುತ್ತದೆ, ಕೆಲವು ಸಲ ಕಣ್ಣೂ ಕೆಂಪಾಗುತ್ತದೆ. ಸ್ಟ್ರೆಪ್ ಹಾಗಲ್ಲ. ಮಧ್ಯಾಹ್ನ ಚೆನ್ನಾಗಿದ್ದ ಮಗು ರಾತ್ರಿ ಹೊತ್ತಿಗೆ ಜ್ವರದಲ್ಲಿ ಸುಡುತ್ತಿರುತ್ತದೆ. ನುಂಗುವುದಕ್ಕೆ ನೋವು, ತಲೆನೋವು, ಹೊಟ್ಟೆನೋವು, ವಾಂತಿ. ಕತ್ತಿನ ಮುಂಭಾಗದಲ್ಲಿ, ದವಡೆಯ ಕೆಳಗೆ ಗೋಲಿಯಂಥ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋವು. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಟಾನ್ಸಿಲ್ ಕೆಂಪಗೆ ಊದಿ, ಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಒಳಬಾಯಿಯ ಮೇಲ್ಛಾವಣಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕೆಂಪು ಚುಕ್ಕೆ ಕಂಡರಂತೂ ಅನುಮಾನ ಜಾಸ್ತಿ. ಕೆಮ್ಮು ನೆಗಡಿ ಮಾತ್ರ ಇರುವುದಿಲ್ಲ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ, 3 ವರ್ಷದೊಳಗೆ ಅಪರೂಪ.

ಇಷ್ಟೆಲ್ಲಾ ಇದ್ದರೂ ಕಣ್ಣಿಂದ ನೋಡಿ ಖಚಿತ ಹೇಳಲಾಗದು. ಬಿಳಿ ಚುಕ್ಕೆ ವೈರಸ್‌ನಲ್ಲೂ ಬರುತ್ತದೆ. ಇಷ್ಟು ವರ್ಷ ಮಕ್ಕಳ ಗಂಟಲು ನೋಡಿದ ನಾನೂ ತಪ್ಪುತ್ತೇನೆ. ಅದಕ್ಕೇ ನಿಮ್ಮ ಹೊಸ ಡಾಕ್ಟರು ಮಾಡಿದ ಕೆಲಸ ಸರಿ. ಹತ್ತಿ ಕಡ್ಡಿಯನ್ನು ಎರಡೂ ಟಾನ್ಸಿಲ್‌ಗೆ ಮತ್ತು ಗಂಟಲಿನ ಹಿಂಗೋಡೆಗೆ ಸವರಿ ತೆಗೆಯಬೇಕು. ಮಗುವಿಗೆ ಒಂದು ಕ್ಷಣ ಓಕರಿಕೆ ಬರುತ್ತದೆ, ಅಷ್ಟೇ. ಕ್ಷಿಪ್ರ ಟೆಸ್ಟ್ ಇದ್ದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಿಲ್ಲದ ಊರಿನಲ್ಲಿ ಕಲ್ಚರ್‌ಗೆ ಕಳಿಸಿದರೆ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಿದರೆ, ಒಂದೆರಡು ದಿನ. ಟೆಸ್ಟ್ ಆಗುವ ಮೊದಲು ಆ್ಯಂಟಿಬಯಾಟಿಕ್ ಕೊಟ್ಟುಬಿಟ್ಟರೆ ಮಾತ್ರ ರಿಪೋರ್ಟ್ ನಂಬುವ ಹಾಗಿರುವುದಿಲ್ಲ.

'ರಿಪೋರ್ಟ್‌ಗೆ ಕಾಯುತ್ತಾ ಕೂತರೆ ರೋಗ ಏರುವುದಿಲ್ವಾ?' ಎಂದು ಬಹಳ ಜನ ಕೇಳುತ್ತಾರೆ. ಗಂಟಲು ನೋವು ಶುರುವಾದ 9 ದಿನದೊಳಗೆ ಔಷಧಿ ಆರಂಭಿಸಿದರೂ ಹೃದಯಕ್ಕೆ ರಕ್ಷಣೆ ಸಿಗುತ್ತದೆ. ಎರಡು ದಿನ ಕಾಯಲು ಧಾರಾಳವಾಗಿ ಸಮಯವಿದೆ.

ಇನ್ನು ನಿಮ್ಮ ಮೊದಲ ಸಲದ್ದು. ನೆಗಡಿ, ಕೆಮ್ಮು ಇತ್ತು ಅಂದಿರಿ. ಅದು ಬಹುಪಾಲು ವೈರಸ್ ಇರಬೇಕು. ಅಜಿಥ್ರೋಮೈಸಿನ್‌ನಿಂದ ವಾಸಿಯಾಯಿತು ಅಂತ ನಿಮಗೆ ಅನ್ನಿಸಿದ್ದು ಸಹಜ. ಆದರೆ ವೈರಸ್ ಗಂಟಲು ನೋವು ಏನೂ ಕೊಡದಿದ್ದರೂ ವಾರದೊಳಗೆ ತಾನಾಗಿ ಹೋಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಕ್ರೆಡಿಟ್ ಮಾತ್ರೆಗೆ ಹೋಯಿತು. ಮೆಡಿಕಲ್ ಶಾಪ್‌ನಲ್ಲಿ ಆ ಮೂರು ದಿನದ ಔಷಧಿಗೆ ಇಷ್ಟು ಒಳ್ಳೆಯ ಹೆಸರು ಬಂದಿರುವುದು ಹೀಗೇ. ಮುಂದಿನ ಸಲ ಆ ಪಟ್ಟಿಯನ್ನು ತಿರುಗಿಸಿ ನೋಡಿ. ಅಂಥ ಮಾತ್ರೆಗಳ ಪಟ್ಟಿಯ ಮೇಲೆ ಉದ್ದಕ್ಕೊಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬೇಡಿ ಅಂತ ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಈ ಗೆರೆಯ ಬಗ್ಗೆ ದೊಡ್ಡ ಪ್ರಚಾರವನ್ನೇ ಮಾಡಿತ್ತು. ಗೆರೆ ಇದೆ, ನೋಡುವವರು ಕಡಿಮೆ.

ಎರಡನೇ ಸಲ ಸ್ಟ್ರೆಪ್ ಆಗಿತ್ತೋ ಇಲ್ಲವೋ ಈಗ ಹೇಳಲಾಗದು, ಟೆಸ್ಟ್ ಆಗಿಲ್ಲ. ಮೂರನೆಯದು ಮಾತ್ರ ಖಚಿತ. ಹಾಗಾಗಿ ಈಗಿನ ಹತ್ತು ದಿನದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಿಮ್ಮನ್ನು ಚಕಿತಗೊಳಿಸುವ ಒಂದು ಮಾತು. ಸ್ಟ್ರೆಪ್ ಗಂಟಲು ನೋವು ಕೂಡ ಔಷಧಿ ಇಲ್ಲದೆಯೇ 3ರಿಂದ 5 ದಿನದಲ್ಲಿ ಇಳಿಯುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟರೆ ನೋವು ಸುಮಾರು ಒಂದು ದಿನ ಮೊದಲು ಕಡಿಮೆಯಾಗಬಹುದು, ಅಷ್ಟೇ. ಅಂದಮೇಲೆ ಹತ್ತು ದಿನ ಯಾಕೆ? ಆ ಹತ್ತು ದಿನ ಹೃದಯಕ್ಕೋಸ್ಕರ.

ಈ ಬ್ಯಾಕ್ಟೀರಿಯಾದ ಮೈಮೇಲೆ ಒಂದು ಪ್ರೋಟೀನ್ ಇದೆ. ಅದರ ಕೆಲವು ಭಾಗ ನಮ್ಮ ಹೃದಯದ ಅಂಶಗಳಿಗೆ ಹೋಲುತ್ತದೆ. ದೇಹದ ಕಾವಲು ಪಡೆ ಬ್ಯಾಕ್ಟೀರಿಯಾವನ್ನು ಹೊಡೆಯಲು ತಯಾರಾಗುತ್ತದೆ. ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ಸ್ವಂತ ಹೃದಯದ ಕವಾಟಗಳಿಗೇ ಹೊಡೆಯುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಹಳೆಯ ಮಾತಿದೆ. ಮಂಡಿ, ಹಿಮ್ಮಡಿ ಗಂಟಿನ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಜಿಗಿದು, ಗುರುತು ಉಳಿಸದೆ ಹೋಗುತ್ತದೆ. ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬಿಗಿಯುತ್ತಾ ಹೋಗಿ, ಎಷ್ಟೋ ಹೆಣ್ಣುಮಕ್ಕಳಲ್ಲಿ ಮೊದಲ ಬಸಿರಿನಲ್ಲಿ ಏದುಸಿರು ಬಂದಾಗಲೇ ಗೊತ್ತಾಗುತ್ತದೆ.

ಇನ್ನೊಂದು ಲಕ್ಷಣವನ್ನು ಯಾರೂ ಕಾಯಿಲೆ ಅಂದುಕೊಳ್ಳುವುದೇ ಇಲ್ಲ. ಒಬ್ಬ ಹುಡುಗಿಯನ್ನು ಅವರಮ್ಮ ನನ್ನ ಬಳಿ ಕರೆತಂದದ್ದು ಶಾಲೆಯ ನೋಟ್‌ಬುಕ್ ಹಿಡಿದುಕೊಂಡು. ಮೊದಲ ಪುಟಗಳಲ್ಲಿ ಮುತ್ತಿನಂಥ ಅಕ್ಷರ. ಕೊನೆಯ ಪುಟಗಳಲ್ಲಿ ಗೆರೆ ದಾಟಿ ಎಲ್ಲೆಲ್ಲೋ ಓಡುವ ಅಕ್ಷರ. ಅನ್ನದ ತಟ್ಟೆ ಕೈಯಿಂದ ಜಾರುತ್ತದೆ, ಸುಮ್ನೆ ಕೂತಾಗಲೂ ಕೈ ಕುಣಿಯುತ್ತದೆ. ಶಾಲೆಯಲ್ಲಿ ಬೈದಿದ್ದಾರೆ, ಮನೆಯಲ್ಲೂ ಬೈದಿದ್ದಾರೆ. ಅದು ರುಮ್ಯಾಟಿಕ್ ಜ್ವರ ಮಿದುಳನ್ನು ಮುಟ್ಟಿದ ಗುರುತು. ಗಂಟಲು ನೋವು ಬಂದು ಹೋಗಿ ತಿಂಗಳುಗಳೇ ಆಗಿದ್ದವು.

ಗಂಟಲಿನಿಂದ ಬ್ಯಾಕ್ಟೀರಿಯಾವನ್ನು ಪೂರ್ತಿ ಗುಡಿಸಿ ಹಾಕಿದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಅಮೆರಿಕದ ವಯೋಮಿಂಗ್‌ನ ವಾಯುಪಡೆ ನೆಲೆಯಲ್ಲಿ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ನೋಡಿದ ವೈದ್ಯರು 1950ರಲ್ಲಿ ಇದನ್ನು ತೋರಿಸಿಕೊಟ್ಟರು. ಜ್ವರ ಬಿಟ್ಟಿತು ಎಂದರೆ ಬ್ಯಾಕ್ಟೀರಿಯಾ ಸಂಖ್ಯೆ ಇಳಿದಿದೆ ಅಂತ ಅರ್ಥ. ಟಾನ್ಸಿಲ್‌ನ ಸಂದಿಗೊಂದಿಯಲ್ಲಿ ಉಳಿದದ್ದು ಹೋಗಬೇಕಾದರೆ ಬಾಯಲ್ಲಿ ಕೊಡುವ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನ ಬೇಕು.

ನಾದಿನಿ ಹೇಳಿದ್ದೂ ಸುಳ್ಳಲ್ಲ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ 5ರಿಂದ 10 ದಿನ ಅಂತಿದೆ. ಅಲ್ಲಿ ರುಮ್ಯಾಟಿಕ್ ಜ್ವರ ಈಗ ಬಹಳ ಅಪರೂಪ. ಗಂಟಲು ನೋವು ಹೋಗುವುದಷ್ಟೇ ಗುರಿಯಾದರೆ 5 ದಿನ ಸಾಕಾಗುತ್ತದೆ. ನಮ್ಮಲ್ಲಿ ಆ ಕಾಯಿಲೆ ಇನ್ನೂ ಇದೆ, ಪಕ್ಕದ ಮನೆಯಲ್ಲೇ ನೋಡಿದ್ದೀರಲ್ಲ. ಲಂಡನ್‌ನಲ್ಲಿ ಬೆಳೆಯುವ ಅವರ ಮಗುವಿಗೆ 5 ದಿನ ಸರಿ, ದಾವಣಗೆರೆಯ ನಿಮ್ಮ ಮಗನಿಗೆ 10 ದಿನ ಸರಿ. ಇದರಲ್ಲಿ ಜಗಳ ಇಲ್ಲ.

ಈಗ ಲೆಕ್ಕ. ಮನೆಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಸ್ಟ್ರೆಪ್‌ಗೆ ಅಮಾಕ್ಸಿಸಿಲಿನ್ ದಿನಕ್ಕೆ ಕೆ.ಜಿ.ಗೆ 50 ಮಿಲಿಗ್ರಾಂ, ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. 22 ಕೆ.ಜಿ. ಅಂದರೆ ನಿಮ್ಮವನಿಗೆ ದಿನಕ್ಕೆ 1000. ಒಂದೇ ಸಲ ಕೊಡಬಹುದು, ಅಥವಾ ಬೆಳಿಗ್ಗೆ 500, ರಾತ್ರಿ 500. ಇದನ್ನು 5 ಎಂಎಲ್‌ಗೆ 250 ಇರುವ ಸಿರಪ್‌ನಲ್ಲಿ ಕೊಟ್ಟರೆ ಹೊತ್ತಿಗೆ 10 ಎಂಎಲ್. 30 ಎಂಎಲ್ ಬಾಟಲಿ ಒಂದೂವರೆ ದಿನಕ್ಕೆ ಖಾಲಿ. ಹತ್ತು ದಿನಕ್ಕೆ ಏಳು ಬಾಟಲಿ ಬೇಕು! 'ಬಾಟಲಿ ಮುಗೀತು, ಕೋರ್ಸ್ ಮುಗೀತು' ಅಂತ ನಿಲ್ಲಿಸಿದವರನ್ನು ಎಷ್ಟು ನೋಡಿದ್ದೇನೋ. ಇಷ್ಟು ತೂಕದ ಮಕ್ಕಳಿಗೆ ನೀರಿನಲ್ಲಿ ಕರಗುವ 250ರ ಮಾತ್ರೆ ವಾಸಿ. ಹೊತ್ತಿಗೆ ಎರಡು, ಒಟ್ಟು 40 ಮಾತ್ರೆ. ಅಷ್ಟನ್ನೂ ಮೊದಲ ದಿನವೇ ತಂದಿಡಿ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕ ಇದ್ದರೆ ನೀವೇ ಬದಲಾಯಿಸಬೇಡಿ, ಫೋನ್ ಮಾಡಿ ಕೇಳಿ. ಮಗುವನ್ನು ನೋಡಿದವರು ಅವರು.

ಫ್ರಿಜ್‌ನಲ್ಲಿರುವ ಹಳೆಯ ಸಿರಪ್ ದಯವಿಟ್ಟು ಎಸೆಯಿರಿ. ಪುಡಿಗೆ ನೀರು ಬೆರೆಸಿದ ಮೇಲೆ ಅದರ ಆಯುಸ್ಸು ಸಾಮಾನ್ಯವಾಗಿ 7 ದಿನ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಪೆಟ್ಟಿಗೆ ಮೇಲಿನ ಎಕ್ಸ್‌ಪೈರಿ ತಾರೀಕು ಒಣಪುಡಿಗೆ ಮಾತ್ರ. ಎರಡೂವರೆ ತಿಂಗಳ ಹಿಂದಿನದ್ದರಲ್ಲಿ ಸ್ಟ್ರಾಬೆರಿ ವಾಸನೆ ಉಳಿದಿರಬಹುದು, ಔಷಧಿ ಎಷ್ಟು ಉಳಿದಿದೆಯೋ ಹೇಳಲಾಗದು.

ಭೇದಿ ಆಗಿದ್ದು ಉಷ್ಣದಿಂದ ಅಂತ ಅತ್ತೆಯವರು ಹೇಳಿದರು. ಅವರು ಗಮನಿಸಿದ್ದು ಸರಿ, ಔಷಧಿಗೂ ಭೇದಿಗೂ ನಂಟಿದೆ. ಅಮಾಕ್ಸಿಸಿಲಿನ್ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಹೊಡೆಯುತ್ತದೆ, ಅದಕ್ಕೇ ತೆಳ್ಳಗಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಆದರೆ ಔಷಧಿ ನಿಲ್ಲಿಸಬೇಕಿಲ್ಲ. ಮಜ್ಜಿಗೆ, ಗಂಜಿ, ಓಆರ್‌ಎಸ್ ಕೊಡುತ್ತಾ ಮುಂದುವರಿಸಿ. ಗಂಟಲು ನೋವು ಅಂತ ಮೊಸರು ಮಜ್ಜಿಗೆ ಬಂದ್ ಮಾಡುವುದೂ ಬೇಡ. ರಕ್ತ ಬಂದರೆ, ತುಂಬಾ ಜಾಸ್ತಿಯಾದರೆ, ಮಗು ನಿಶ್ಶಕ್ತಿಯಿಂದ ಮಲಗಿಬಿಟ್ಟರೆ ಡಾಕ್ಟರಿಗೆ ತೋರಿಸಿ. ಮೈಮೇಲೆ ದದ್ದು ಎದ್ದು ತುರಿಕೆ, ತುಟಿ ಅಥವಾ ಮುಖ ಊತ, ಉಸಿರಾಟಕ್ಕೆ ಕಷ್ಟ ಆದರೆ ಅದು ಅಲರ್ಜಿ. ಆಗ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಓಡಿ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಡಿ, ಎರಡು ಡೋಸ್ ಒಟ್ಟಿಗೆ ಬೇಡ.

'ಇದಕ್ಕಿಂತ ಪವರ್ ಜಾಸ್ತಿ ಇರೋದು ಕೊಡಿ' ಅಂತಲೂ ನನ್ನ ಬಳಿ ಕೇಳುತ್ತಾರೆ. ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲಿ ಒಂದು ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ಅಂಗಡಿಯಿಂದ ತಾನೇ ಪೆನಿಸಿಲಿನ್ ತಂದು ಅರೆಬರೆ ನುಂಗುತ್ತಾನೆ. ಸ್ಟ್ರೆಪ್ಟೋಕಾಕಸ್ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಅವನಿಂದ ಅದು ಹೆಂಡತಿಗೆ ಅಂಟುತ್ತದೆ, ಪೆನಿಸಿಲಿನ್ ಕೊಟ್ಟರೂ ಅವಳು ಉಳಿಯುವುದಿಲ್ಲ. ಕಥೆ ಹೇಳಿ 80 ವರ್ಷವಾಯಿತು. ಉಳಿದ ಎಷ್ಟೋ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಅವರ ಮಾತು ನಿಜವಾಯಿತು. ಆದರೆ ಅವರು ಉದಾಹರಣೆ ಕೊಟ್ಟ ಈ ಸ್ಟ್ರೆಪ್ ಮಾತ್ರ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ! ಅದೇ ಅಜಿಥ್ರೋಮೈಸಿನ್‌ಗೆ ಬಗ್ಗದ ಸ್ಟ್ರೆಪ್ ಹಲವು ಕಡೆ ಇದೆ. ಅಂದರೆ ಇಲ್ಲಿ ಹಳೆಯದೇ ಭದ್ರ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಜಿಥ್ರೋಮೈಸಿನ್ ಉಪಯೋಗಕ್ಕೆ ಬರುತ್ತದೆ, ಆದರೆ ಅದೂ 5 ದಿನ. ಮೂರಲ್ಲ.

ಹಾಗಾದರೆ ನೀವು ನಿಲ್ಲಿಸಿದ್ದರಿಂದ ಸ್ಟ್ರೆಪ್ ಬಲಿತುಕೊಂಡಿತಾ? ಇಲ್ಲ, ಆ ಅಪವಾದ ನಿಮ್ಮ ಮೇಲೆ ಬೇಡ. ಎರಡೂವರೆ ತಿಂಗಳ ಮೇಲೆ ಬಂದದ್ದು ಹೊಸದಾಗಿ ಅಂಟಿದ್ದೇ ಇರಬೇಕು. ಶಾಲೆಯಲ್ಲಿ ಒಬ್ಬರ ನೀರಿನ ಬಾಟಲಿ ಇನ್ನೊಬ್ಬರು ಕಚ್ಚುತ್ತಾರೆ, ಒತ್ತಿಕೊಂಡು ಕೂರುತ್ತಾರೆ. ಅಂಟಿದ 2ರಿಂದ 5 ದಿನದಲ್ಲಿ ಕಾಯಿಲೆ ಏಳುತ್ತದೆ. ಐಸ್‌ಕ್ರೀಂ ಮೇಲೂ ಅಪವಾದ ಹೊರಿಸಬೇಡಿ. ತಣ್ಣಗಿನದ್ದು ಬ್ಯಾಕ್ಟೀರಿಯಾ ಹುಟ್ಟಿಸುವುದಿಲ್ಲ. ನುಂಗಲಾಗದ ಮಗುವಿಗೆ ಎರಡು ಚಮಚ ಐಸ್‌ಕ್ರೀಂ ಹಾಯೆನಿಸಿದರೆ ಕೊಡಿ, ನಾನು ಬೇಡ ಅನ್ನುವುದಿಲ್ಲ. ಉಪ್ಪುನೀರು ಮುಕ್ಕಳಿಸುವುದು, ಅರಿಶಿನ ಹಾಲು, ಮೆಣಸಿನ ಕಷಾಯ ನಡೆಯುತ್ತದೆ. ಮಾತ್ರೆಯ ಬದಲಿಗೆ ಮಾತ್ರ ಅಲ್ಲ. ನೋವು, ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ಹತ್ತು ದಿನ ಕೊಡುವುದು ನಮ್ಮ ಕೈಲಾಗದು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಒಂದೇ ಸಲ. 27 ಕೆ.ಜಿ.ಗಿಂತ ಕಡಿಮೆ ಇದ್ದರೆ 6 ಲಕ್ಷ ಯೂನಿಟ್, ಅದಕ್ಕಿಂತ ಜಾಸ್ತಿಯಾದರೆ 12 ಲಕ್ಷ. ಮರೆಯುವ ಪ್ರಶ್ನೆಯೇ ಇಲ್ಲ. ಆದರೆ ಚುಚ್ಚಿದ ಜಾಗ ಎರಡು ದಿನ ಚೆನ್ನಾಗಿ ನೋಯುತ್ತದೆ. ತೀರಾ ಅಪರೂಪಕ್ಕೆ ಜೀವಕ್ಕೆ ಕುತ್ತು ತರುವ ಅಲರ್ಜಿ ಆಗಬಹುದು. ಹಾಗಾಗಿ ಅದನ್ನು ಎದುರಿಸುವ ಸೌಲಭ್ಯ ಇರುವ ಕಡೆಯೇ ಹಾಕಿಸಬೇಕು, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಮಾತ್ರೆ ನುಂಗುವ, ತಾಯಿ ಲೆಕ್ಕ ಇಡುವ ಮನೆಯಲ್ಲಿ ನಾನು ಮಾತ್ರೆಯನ್ನೇ ಬರೆಯುತ್ತೇನೆ.

ಪಕ್ಕದ ಮನೆಯ ಹುಡುಗಿಗೆ 21 ದಿನಕ್ಕೊಮ್ಮೆ ಹಾಕುತ್ತಿರುವುದೂ ಇದೇ ಇಂಜೆಕ್ಷನ್. ಆದರೆ ಕಾರಣ ಬೇರೆ. ರುಮ್ಯಾಟಿಕ್ ಜ್ವರ ಒಮ್ಮೆ ಬಂದವರಿಗೆ ಇನ್ನೊಂದು ಸ್ಟ್ರೆಪ್ ಸೋಂಕು ಬಂದರೆ ಕವಾಟ ಮತ್ತಷ್ಟು ಕೆಡುತ್ತದೆ. ಅದನ್ನು ತಡೆಯಲು ವರ್ಷಗಟ್ಟಲೆ ಹಾಕುತ್ತಾರೆ. ಆ ಹುಡುಗಿ ಒಂದೂ ತಪ್ಪಿಸಬಾರದು. ನಿಮ್ಮ ಮಗನಿಗೆ ಅದು ಬೇಕಿಲ್ಲ.

ಎಎಸ್‌ಒ 400 ನೋಡಿ ಹೆದರಬೇಡಿ. ಸ್ಟ್ರೆಪ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಅಳೆಯುವ ಈ ಟೆಸ್ಟ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಲ್ಯಾಬ್ ರಿಪೋರ್ಟಿನಲ್ಲಿ 200ರ ಒಳಗಿರಬೇಕು ಅಂತ ಅಚ್ಚಾಗಿರುತ್ತದೆ, ಅದಕ್ಕಿಂತ ಜಾಸ್ತಿ ಬಂದರೆ ದಪ್ಪ ಅಕ್ಷರ. ಶಾಲೆಗೆ ಹೋಗುವ ಮಕ್ಕಳಲ್ಲಿ ಸ್ಟ್ರೆಪ್ ಬಂದು ಹೋಗುವುದು ಮಾಮೂಲು, ಹಾಗಾಗಿ ಆರೋಗ್ಯವಂತ ಮಕ್ಕಳಲ್ಲೂ ಅದು ಜಾಸ್ತಿ ಇರುತ್ತದೆ. ಸೋಂಕು ಬಂದ 3ರಿಂದ 6 ವಾರಕ್ಕೆ ಏರಿ, ಇಳಿಯಲು ತಿಂಗಳುಗಳೇ ಬೇಕು. ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋದ ಹೆಜ್ಜೆಗುರುತು ಅದು. ಇವತ್ತಿನ ಗಂಟಲು ನೋವಿನ ಬಗ್ಗೆಯಾಗಲಿ, ಹೃದಯದ ಬಗ್ಗೆಯಾಗಲಿ ಅದೊಂದರಿಂದ ಏನೂ ಹೇಳಲಾಗದು. ಬರೀ ಈ ಸಂಖ್ಯೆ ನೋಡಿ, ಕೀಲುನೋವೂ ಇಲ್ಲದ, ಎಕೋ ಸರಿಯಾಗೇ ಇರುವ ಮಕ್ಕಳಿಗೆ ವರ್ಷಗಟ್ಟಲೆ ಇಂಜೆಕ್ಷನ್ ಹಾಕಿಸಿದ್ದನ್ನು ನೋಡಿದ್ದೇನೆ. ಎಎಸ್‌ಒ ಇಳಿದಿದೆಯಾ ಅಂತ ಮತ್ತೆ ಮಾಡಿಸುವ ಅಗತ್ಯವೂ ಇಲ್ಲ.

ಔಷಧಿ ಶುರುವಾದ 48 ಗಂಟೆಯಲ್ಲಿ ಜ್ವರ ಇಳಿಯಬೇಕು. ಇಳಿಯದಿದ್ದರೆ ಮತ್ತೆ ತೋರಿಸಿ. ಬಾಯಿ ತೆರೆಯಲಾಗದೆ, ಜೊಲ್ಲು ಸುರಿಯುತ್ತಾ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಮಾತಾಡಿದರೆ ಟಾನ್ಸಿಲ್ ಪಕ್ಕ ಕೀವು ಕಟ್ಟಿರಬಹುದು. ಅದಕ್ಕೆ ಬೆಳಗಾಗುವ ತನಕ ಕಾಯಬಾರದು. ಇನ್ನೆರಡು ಮೂರು ವಾರದಲ್ಲಿ ಮುಖ ಊದಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಕಿಡ್ನಿಯ ತೊಂದರೆ. ಆ್ಯಂಟಿಬಯಾಟಿಕ್ ಪೂರ್ತಿ ಕೊಟ್ಟವರಲ್ಲೂ ಅಪರೂಪಕ್ಕೆ ಬರುತ್ತದೆ, ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆದರೆ ತೋರಿಸಲೇಬೇಕು. ಶಾಲೆಗೆ ಔಷಧಿ ಶುರುವಾಗಿ ಒಂದು ದಿನ ಕಳೆದು, ಜ್ವರ ಬಿಟ್ಟ ಮೇಲೆ ಕಳಿಸಬಹುದು. ಮನೆಯ ಉಳಿದ ಮಕ್ಕಳಿಗೆ ಲಕ್ಷಣ ಇಲ್ಲದಿದ್ದರೆ 'ಮುನ್ನೆಚ್ಚರಿಕೆ' ಅಂತ ಮಾತ್ರೆ ಬೇಡ. ಚೆನ್ನಾಗಿರುವ ಶಾಲಾ ಮಕ್ಕಳಲ್ಲೂ ನೂರಕ್ಕೆ ಹತ್ತರಷ್ಟು ಮಂದಿಯ ಗಂಟಲಲ್ಲಿ ಸ್ಟ್ರೆಪ್ ಸುಮ್ನೆ ಕೂತಿರುತ್ತದೆ, ಅದಕ್ಕೆ ಔಷಧಿ ಬೇಕಿಲ್ಲ.

ಇನ್ನು ಟಾನ್ಸಿಲ್ ಆಪರೇಷನ್. ಒಂದೇ ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ಸತತವಾಗಿ ವರ್ಷಕ್ಕೆ 3 ಸಲ ಬಲವಾದ ಗಂಟಲು ಸೋಂಕು ಬಂದರೆ ಅದರ ಬಗ್ಗೆ ಯೋಚಿಸುತ್ತೇವೆ. ಅದೂ ಪ್ರತಿ ಸಲದ ದಾಖಲೆ ಇದ್ದರೆ. ನಿಮ್ಮವನಿಗೆ ಮೂರು ಸಲ, ಅದರಲ್ಲಿ ಖಚಿತವಾದದ್ದು ಒಂದು. ಈಗ ಬೇಡ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ಸಲದ ಮೊದಲ ಡೋಸ್ ದಿನದಿಂದ 1, 2, 3 ಅಂತ ಹತ್ತರವರೆಗೆ ಬರೆದು, ಕೊಟ್ಟ ಹಾಗೆಲ್ಲಾ ಹೊಡೆದುಹಾಕುತ್ತಾ ಹೋಗಿ. ಮುಂದೆ ಗಂಟಲು ನೋವು ಬಂದಾಗಲೂ ಅದೇ ಕ್ಯಾಲೆಂಡರಿನಲ್ಲಿ ದಿನ, ಜ್ವರ ಎಷ್ಟಿತ್ತು, ನೆಗಡಿ ಇತ್ತಾ, ಟೆಸ್ಟ್‌ನಲ್ಲಿ ಏನು ಬಂತು ಅಂತ ಗುರುತು ಹಾಕಿ. ಡಾಕ್ಟರ ಹತ್ತಿರ ಹೋಗುವಾಗ ಅದರ ಫೋಟೋ ತೆಗೆದುಕೊಂಡು ಹೋದರೆ ಸಾಕು.